ಒಲೆ ಕಡೆಯ ಬಣ್ಣ

ಮೂರನೆಯ ಹೊದಿಕೆಯನ್ನು ಕೊಡವಿ ಹಾಸುವಷ್ಟರಲ್ಲಿ ಹೊರಗೆ ಇನ್ನೊಂದು ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಮಗಳು ಮಂಡಿಯೂರಿ ಹೊದಿಕೆಯ ಅಂಚನ್ನು ಗೋಡೆಯ ಬುಡಕ್ಕೆ ಒತ್ತಿದಳು. ಕಿಟಕಿಯ ಕೆಳಗೆ ಇನ್ನೂ ಒಂದು ಮೊಳದಷ್ಟು ನೆಲ ಕಾಣುತ್ತಿತ್ತು. ಅದಕ್ಕೆ ಯಾವ ಬಟ್ಟೆ ಎಂದು ಅವಳು ಸುತ್ತ ನೋಡುತ್ತಿರುವಾಗ ಗಂಡ ಬಾಗಿಲಲ್ಲಿ ಬಂದು ನಿಂತ.

“ಏನ್ಮಾಡ್ತಿದ್ದೀಯ ಇಲ್ಲಿ? ಆಚೆ ಎಲ್ಲಾ ನಿನ್ನೇ ಕೇಳ್ತಿದ್ದಾರೆ.”

“ಬಂದೆ. ಒಂದು ಹಳೇ ಪರದೆ ಇತ್ತಲ್ಲ ರೀ, ಅದೆಲ್ಲಿ?”

“ಪರದೆ ಯಾಕೆ ಈಗ? ಹೊಸ ನೆಲ ಗಲೀಜಾಗುತ್ತೆ ಅಂತಾನಾ? ಇವತ್ತೂನಾ?”

ಗಂಡ ನೆಲವನ್ನು ಸರಿಯಾಗಿ ನೋಡಿದವನೇ ಅಲ್ಲ. ಅವನಿಗೆ ಅದು ತುಳಿಯುವ ವಸ್ತು, ಅಷ್ಟೇ.

“ಯಾರನ್ನೂ ಒಳಗೆ ಬಿಡ್ಬೇಡಿ. ನೀರು, ಕಾಫಿ ಎಲ್ಲಾ ಹಿಂದಿನ ವರಾಂಡದಿಂದ್ಲೇ ಹೋಗ್ಲಿ. ಒಲೆ ಹೆಂಗೂ ಅಲ್ಲೇ ಇದೆ. ಈ ಬಾಗಿಲು ಹಾಕಿರ್ಲಿ.”

“ಬಾಗಿಲಿಗೆ ಚಿಲಕಾನೇ ಕೂರಿಸಿಲ್ವಲ್ಲೇ ಇನ್ನೂ.”

“ಹಾಗಾದ್ರೆ ಕುರ್ಚಿ ಅಡ್ಡ ಇಡಿ.”

ಹನ್ನೊಂದಕ್ಕೆ ಶವದ ಗಾಡಿ ಬರುವುದಿತ್ತು. ಈಗ ಎಂಟೂವರೆ. ಇನ್ನು ಎರಡೂವರೆ ಗಂಟೆ. ಅಷ್ಟರೊಳಗೆ ಅಮ್ಮ ಕೆಲಸ ಮಾಡುತ್ತಿದ್ದ ಟೈಲ್ಸ್ ಅಂಗಡಿಯವರೆಲ್ಲ ಬಂದು ಹೋಗುತ್ತಾರೆ: ಯಜಮಾನರು, ಗೋದಾಮಿನವರು, ಅಂಗಡಿಯನ್ನೇ ನಂಬಿದ ಮೇಸ್ತ್ರಿಗಳು. ಯಾರ ಮನೆಗೆ ಕಾಲಿಟ್ಟರೂ ಅವರ ಕಣ್ಣು ಮೊದಲು ಹೋಗುವುದು ನೆಲಕ್ಕೆ. ಅದು ಆ ಕಸುಬಿನ ರೋಗ. ಈ ಅಡುಗೆಮನೆಯನ್ನು ಅವರಲ್ಲಿ ಒಬ್ಬರು ಹಗಲಲ್ಲಿ ಒಮ್ಮೆ ಕಂಡರೂ ಸಾಕು, ಸಂಜೆಯೊಳಗೆ ಅದು ಅಂಗಡಿಯಿಂದ ಅಂಗಡಿಗೆ ದಾಟುತ್ತದೆ.

ಕಿಟಕಿಯಿಂದ ನಡುವಿನವರೆಗೆ ನೆಲ ಬೂದಿ ಬೆರೆತ ಗೋಧಿಬಣ್ಣ. ಅಲ್ಲಿಂದ ಒಲೆಯ ಕಟ್ಟೆಯವರೆಗೆ ಅದೇ ಗೋಧಿ, ಆದರೆ ಸ್ವಲ್ಪ ಹುರಿದಂತೆ, ಕೆಂಪಿಗೆ ತಿರುಗಿದ್ದು. ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ. ಹಗಲಲ್ಲಿ ಮಾತ್ರ ನಡುವೆ ಸ್ಕೇಲಿಟ್ಟು ಗೀಟೆಳೆದ ಹಾಗೆ ಕಾಣುತ್ತದೆ. ಒಂದೇ ಮನೆಗೆ ಎರಡು ಶೇಡು ಕಳಿಸುವುದು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರು ಮಾಡುವ ತಪ್ಪು. ಈ ಟೈಲ್ಸನ್ನು ಆರಿಸಿ ಕಳಿಸಿದ್ದು, ಮೂವತ್ತು ವರ್ಷ ಊರಿಗೆಲ್ಲ ನೆಲದ ಬಣ್ಣ ಹೊಂದಿಸಿಕೊಟ್ಟ ಅಮ್ಮ.

ಮೊನ್ನೆ ಇದೇ ಜಾಗದಲ್ಲಿ ಅಮ್ಮನನ್ನು ನಿಲ್ಲಿಸಿಕೊಂಡು ಅವಳು ಬಾಯಿಗೆ ಬಂದಂತೆ ಆಡಿದ್ದಳು. ನಿನ್ನೆ ಮಧ್ಯಾಹ್ನ ಅಮ್ಮ ಅಂಗಡಿಯಲ್ಲಿ, ಗಿರಾಕಿಯೊಬ್ಬರಿಗೆ ಬಚ್ಚಲಿನ ಟೈಲ್ಸ್ ತೋರಿಸುತ್ತಿದ್ದವಳು, ಎದೆ ಹಿಡಿದುಕೊಂಡು ಕುಳಿತಳು. ಮತ್ತೆ ಏಳಲಿಲ್ಲ.

*

ಅಂಗಡಿಯಲ್ಲಿ ಅಮ್ಮನಿಗೆ ಬಣ್ಣದಕ್ಕ ಎಂದೇ ಹೆಸರು. ಯಜಮಾನರು ಕೂಡ ಹಾಗೇ ಕರೆಯುತ್ತಿದ್ದರು.

ಒಂದೇ ಮಣ್ಣು, ಒಂದೇ ಅಚ್ಚು, ಒಂದೇ ಕಾರ್ಖಾನೆ. ಆದರೂ ಕುಲುಮೆಯ ಕಾವು ಒಂದು ದಿನದಂತೆ ಇನ್ನೊಂದು ದಿನ ಇರುವುದಿಲ್ಲ. ಹತ್ತು ಡಿಗ್ರಿ ಹೆಚ್ಚಾದರೆ ಬಣ್ಣ ಒಂದು ಎಳೆ ಕೆಂಪಿಗೆ ವಾಲುತ್ತದೆ, ಕಡಿಮೆಯಾದರೆ ಬೂದಿಗೆ. ಅದಕ್ಕೇ ಪೆಟ್ಟಿಗೆಯ ಬದಿಯಲ್ಲಿ ಇರುವೆಸಾಲಿನಂಥ ಅಕ್ಷರದಲ್ಲಿ ಒಂದು ಶೇಡ್ ನಂಬರು ಅಚ್ಚಾಗಿರುತ್ತದೆ. ಉಳಿದವರು ನಂಬರು ಓದಿ ಪೆಟ್ಟಿಗೆ ಎತ್ತಿದರೆ ಅಮ್ಮ ಟೈಲ್ಸನ್ನು ನೋಡಿಯೇ ನಂಬರು ಹೇಳುತ್ತಿದ್ದಳು. ಎರಡೂ ಒಂದೇ ಎಂದು ಹಟ ಹಿಡಿದ ಗಿರಾಕಿಯನ್ನು ಅವಳು ವಾದದಲ್ಲಿ ಗೆಲ್ಲಲು ಹೋಗುತ್ತಿರಲಿಲ್ಲ. ಎರಡು ಟೈಲ್ಸ್ ಬಿಲ್ಲೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಡಿಯ ಹೊಸ್ತಿಲಿಗೆ ಹೋಗಿ ಬೆಳಕಿಗೆ ಹಿಡಿಯುತ್ತಿದ್ದಳು. “ಒಳಗಿನ ದೀಪ ಎಲ್ಲರನ್ನೂ ಚಂದ ತೋರ್ಸುತ್ತೆ ಸ್ವಾಮಿ,” ಎನ್ನುತ್ತಿದ್ದಳು. “ನೀವು ದಿನಾ ಬಾಳೋದು ಈ ಬೆಳಕಲ್ಲಿ.”

ಮಗಳ ಮದುವೆಯ ಮಾತಿಗೆ ಮೊದಲ ಸಲ ಬೀಗರ ಮನೆಗೆ ಹೋದಾಗ ಎಲ್ಲರೂ ಹುಡುಗನ ಓದು, ಕೆಲಸ ವಿಚಾರಿಸುತ್ತಿದ್ದರೆ ಅಮ್ಮ ಕುರ್ಚಿಯಿಂದ ಬಗ್ಗಿ ಗೋಡೆಯ ಬುಡ ನೋಡಿ, “ಮೂಲೆ ಕೂರ್ಸಿರೋದು ಒಳ್ಳೇ ಕೈ,” ಎಂದಿದ್ದಳು. ಆ ಮನೆಯಲ್ಲಿ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಬೀಗರು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ.

ಎರಡು ತಿಂಗಳ ಹಿಂದೆ ಅಡುಗೆಮನೆ ಒಡೆದು ಕಟ್ಟಿಸಲು ಹೊರಟಾಗ ಮಗಳಿಗೆ ಬೇಕಾಗಿದ್ದದ್ದು ಹೊಳೆಯುವ ಬಿಳಿ ನೆಲ.

“ಬಿಳಿ ನೆಲ ಹಾಕ್ಸಿದ್ರೆ ಮನೆಗೆ ಯಜಮಾನಿ ಅದು, ನೀನು ಆಳು,” ಎಂದಿದ್ದಳು ಅಮ್ಮ. “ದಿನಕ್ಕೆ ನಾಲ್ಕು ಸಲ ಬಗ್ಗಿ ನಮಸ್ಕಾರ ಮಾಡ್ತಿರ್ಬೇಕು.”

“ನಿನ್ನ ಕಾಲದ್ದು ಬೇಡಮ್ಮ. ಸಪ್ಪೆ ಸಪ್ಪೆ.”

“ಸಪ್ಪೆ ಇರ್ಲಿ. ಕಪಾಟಿಗೆ ಎಲೆಹಸಿರು ಹಾಕ್ಸು, ಕಟ್ಟೆಗೆ ಕಪ್ಪು, ಒಲೆ ಹಿಂದೆ ಗೋಡೆಗೆ ಕೆನೆ ಬಣ್ಣ. ಅಷ್ಟು ಬಣ್ಣ ಕೂಗಾಡ್ತಿರುವಾಗ ಕೆಳಗೆ ಒಬ್ರಾದ್ರೂ ಸುಮ್ಮನಿರ್ಬೇಕು ತಾನೆ?”

ಮಗಳು ನಕ್ಕು ಸೋತಿದ್ದಳು. ಹಾಗೆ ನಿರ್ಧಾರವಾದದ್ದು ಆ ಗೋಧಿಬಣ್ಣ.

*

ಒಂಬತ್ತೂವರೆಗೆ ಮನೆ ತುಂಬಿತು. ಅಮ್ಮನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಮಗಳು ತಲೆಯ ಬಳಿ ಕುಳಿತಿದ್ದಳು, ಕಣ್ಣು ಮಾತ್ರ ಅಡುಗೆಮನೆಯ ಬಾಗಿಲ ಮೇಲೆ. ಎರಡು ಸಲ ಯಾರೋ ಕುರ್ಚಿ ಸರಿಸಲು ಹೋದರು. ಎರಡು ಸಲವೂ ಅವಳು ಎದ್ದು ಹೋಗಿ ಅವರನ್ನು ವರಾಂಡದ ಕಡೆಗೆ ತಿರುಗಿಸಿದಳು.

“ಏನೇ ಇದು?” ಚಿಕ್ಕಮ್ಮ ಹುಬ್ಬು ಗಂಟಿಕ್ಕಿದಳು. ಅಮ್ಮನ ತಂಗಿ, ಅಳುವಾಗಲೂ ದನಿ ಬೀದಿಗೆ ಕೇಳಬೇಕು. “ಸತ್ತಿರೋಳು ಇಲ್ಲಿ, ನೀನು ಆ ಬಾಗಿಲು ಕಾಯ್ತಾ ಕೂತಿದ್ದೀಯ. ಒಳಗೇನು ಬಂಗಾರ ಹುಗಿದಿಟ್ಟಿದ್ದೀಯಾ?”

“ಕೆಲಸ ನಡೀತಿದೆ ಚಿಕ್ಕಮ್ಮ. ಎಲ್ಲಾ ಕಡೆ ಸಾಮಾನು ಬಿದ್ದಿದೆ.”

ಗೋದಾಮಿನ ಮಾಮ ಬಂದ. ಅಂಗಡಿಯ ದಾಸ್ತಾನು ನೋಡಿಕೊಳ್ಳುವವನು. ಅವಳು ಶಾಲೆಗೆ ಹೋಗುತ್ತಿದ್ದಾಗಿನಿಂದ ಮಾಮ. ನಡುವಿಗೆ ಪಟ್ಟಿ ಬಿಗಿದುಕೊಂಡು, ಗೋಡೆ ಹಿಡಿದು ನಡೆಯುತ್ತಿದ್ದ. ಅಮ್ಮನ ಮುಖ ನೋಡಿ ಒಂದು ಸಲ ಕೈ ಮುಗಿದ. ಆಮೇಲೆ ಎಲ್ಲರನ್ನೂ ಬಿಟ್ಟು ನೇರ ಮಗಳ ಹತ್ತಿರ ಬಂದು, “ಒಂದು ನಿಮಿಷ ಹಿಂದ್ಗಡೆ ಬಾಮ್ಮ,” ಎಂದ.

ವರಾಂಡದಲ್ಲಿ ಸ್ಟೌವಿನ ಮೇಲೆ ಪಾತ್ರೆ ಕುದಿಯುತ್ತಿತ್ತು. ಅವನು ದನಿ ತಗ್ಗಿಸಿದ.

“ನೆಲ ಹಾಕಿ ಆಯ್ತಾ?”

“ಆಯ್ತು.”

“ಒಂದೇ ಬಣ್ಣ ಬಂದಿದೆ ತಾನೆ?”

ಅವಳು ಮುಚ್ಚಿದ ಬಾಗಿಲ ಕಡೆ ನೋಡಿದಳು. “ಯಾಕೆ ಹಾಗೆ ಕೇಳ್ತೀರ?”

ಅವನಿಗೆ ಅಷ್ಟೇ ಸಾಕಾಯಿತು. ವರಾಂಡದ ಕಂಬಕ್ಕೆ ಒರಗಿ, “ನಾನು ರಜದಲ್ಲಿದ್ದೆ,” ಎಂದ. “ಸೊಂಟ ಹಿಡ್ಕೊಂಡು ಆರು ದಿನ ಮೇಲೇಳಕ್ಕಾಗ್ಲಿಲ್ಲ. ಬಂದ್ಮೇಲೆ ಎತ್ತಿದ್ರಾಯ್ತು ಅಕ್ಕ, ಅಂತ ಫೋನಲ್ಲಿ ಹೇಳಿದ್ದೆ. ಮಗಳು ತಿಂಗಳಿಂದ ವರಾಂಡದಲ್ಲಿ ಅಡುಗೆ ಮಾಡ್ತಿದ್ದಾಳೆ ಕಣೋ, ಅಂದ್ರು. ತಾವೇ ಹೋಗಿ ಪೆಟ್ಟಿಗೆ ತೋರ್ಸಿ ಗಾಡಿಗೆ ಹಾಕ್ಸಿದ್ದಾರೆ.”

“ತಾನೇ ಆರಿಸಿದ್ರೆ ಏನು ತಪ್ಪು? ಅಮ್ಮನಿಗಿಂತ ಚೆನ್ನಾಗಿ...”

“ಅಕ್ಕಂಗೆ ಬಣ್ಣ ಕಾಣ್ತಿರ್ಲಿಲ್ಲಮ್ಮ.”

ಪಾತ್ರೆ ಉಕ್ಕಿತು. ಅವಳು ಕೈ ಚಾಚಿ ಉರಿ ತಗ್ಗಿಸಿದಳು. ಕೈ ತಾನಾಗಿ ಆ ಕೆಲಸ ಮಾಡಿತು.

“ಎರಡು ವರ್ಷ ಆಯ್ತು. ಕಣ್ಣಿನ ಪರದೆ ಸವೀತಿದೆ, ಹೋಗಿದ್ದು ಬರಲ್ಲ ಅಂದ್ರಂತೆ ಡಾಕ್ಟ್ರು. ನಡೆಯೋಕೆ, ಕೆಲಸಕ್ಕೆ ತೊಂದ್ರೆ ಇಲ್ಲ. ಸಣ್ಣ ಅಕ್ಷರ ಹೋಯ್ತು. ಬಣ್ಣ ಒಂದೊಂದಾಗಿ ತೊಳ್ದು ಹೋಗ್ತಿದೆ ಕಣೋ, ಅಂತಿದ್ರು. ನಾನು ಪ್ರತಿ ಪೆಟ್ಟಿಗೆ ಮೇಲೂ ಸೀಮೆಸುಣ್ಣದಲ್ಲಿ ದೊಡ್ಡದಾಗಿ ನಂಬರು ಬರ್ದಿಡ್ತಿದ್ದೆ. ಗಿರಾಕಿ ಮುಂದೆ ನಾನು ಸುಮ್ನೆ ಮಾತಿಗೆ ಅನ್ನೋ ಹಾಗೆ ನಂಬರು ಹೇಳ್ತಿದ್ದೆ, ಅಕ್ಕ ಬಿಲ್ಲೆ ನೋಡಿ ತಲೆ ಆಡಿಸ್ತಿದ್ರು. ಎರಡು ವರ್ಷದಲ್ಲಿ ಒಂದು ನೆಲ ಹಾಳಾಗಿಲ್ಲ. ಒಂದೂ ಇಲ್ಲ. ಈ ಸಲ ಬಂದ ಪೆಟ್ಟಿಗೆಗಳ ಮೇಲೆ ಬರೆಯೋಕೆ ನಾನಿರ್ಲಿಲ್ಲ.”

“ನನಗ್ಯಾಕೆ ಹೇಳ್ಲಿಲ್ಲ?”

“ನಿಂಗೆ ಹೇಳಿದ್ರೆ ಮನೇಲಿ ಕೂತ್ಕೋ ಅಂತೀಯ, ಅಂದ್ರು.” ಅವನು ಮುಖ ಒರೆಸಿಕೊಂಡ. “ಯಜಮಾನ್ರಿಗೆ ಗೊತ್ತಾದ್ರೆ ಎರಡು ವರ್ಷದ ನೆಲ ಎಲ್ಲಾ ಅನುಮಾನಕ್ಕೆ ಬರುತ್ತೆ. ಹಗಲು ರಾತ್ರಿ ದುಡಿದ ಹೆಂಗಸಿನ ಹೆಸರು ಒಂದು ದಿನದಲ್ಲಿ ನಗೆಪಾಟಲಾಗುತ್ತೆ. ನಾನು ಮುಚ್ಚಿಟ್ಟಿದ್ದಕ್ಕೆ ನನ್ನ ಕೆಲಸಾನೂ ಹೋಗುತ್ತೆ, ಹೋಗ್ಲಿ. ಆದ್ರೆ ಇವತ್ತೊಂದು ದಿನ, ಅಕ್ಕ ಮನೇಲಿ ಇರುವಾಗ ಬೇಡಮ್ಮ. ಆ ಬಾಗಿಲು ತೆಗೀಬೇಡ.”

*

ಮೊನ್ನೆ ಬೆಳಿಗ್ಗೆ ಕಿಟಕಿ ತೆರೆದಾಗ ಅವಳಿಗೆ ಮೊದಲು ಕಂಡದ್ದು ಆ ಗೀಟು. ಹಿಂದಿನ ಸಂಜೆ ದೀಪದ ಕೆಳಗೆ ಕೆಲಸ ಮುಗಿಸಿ ಮೇಸ್ತ್ರಿ ಹೋಗಿದ್ದ. ಅವಳು ಅಮ್ಮನಿಗೆ ಫೋನು ಮಾಡಿ, ಅಂಗಡಿಗೆ ಹೋಗುವ ಮುಂಚೆ ಬಂದು ನಿನ್ನ ಘನಕಾರ್ಯ ನೋಡಿಕೊಂಡು ಹೋಗು ಎಂದಿದ್ದಳು.

ಅಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು, ನಡುವೆ ನಿಂತು, ಸುತ್ತ ನೋಡಿ, “ಚೆನ್ನಾಗಿ ಬಂದಿದೆ ಪುಟ್ಟಿ,” ಎಂದಳು.

“ಚೆನ್ನಾಗಿ ಬಂದಿದೆಯಾ? ತಮಾಷೆ ಮಾಡ್ತಿದ್ದೀಯಾ ಅಮ್ಮಾ? ಎರಡು ಬಣ್ಣ ಬಂದಿದೆ!”

ಅಮ್ಮ ಕತ್ತು ಬಗ್ಗಿಸಿ ನೆಲ ನೋಡಿದಳು. ಆಮೇಲೆ, “ಎಲ್ಲಿ?” ಎಂದಳು.

“ಎಲ್ಲಿ ಅಂತೆ! ಕಾಲ ಕೆಳಗೇ ಇದೆಯಲ್ಲ!”

ಅಮ್ಮ ಕೂತಳು. ಅಂಗೈಯನ್ನು ನೆಲದ ಮೇಲೆ ಮೆಲ್ಲಗೆ ಆಡಿಸಿದಳು, ಬಣ್ಣಕ್ಕೆ ಉಬ್ಬು ತಗ್ಗು ಇರುತ್ತದೆ ಎಂಬಂತೆ. “ಎಲ್ಲಿಂದ ಎಲ್ಲಿಗೆ?” ಎಂದು ಕೇಳಿದಳು.

ನಾಟಕ ಎನಿಸಿತು ಮಗಳಿಗೆ. ತಪ್ಪು ಒಪ್ಪಿಕೊಳ್ಳಲಾರದ ಹಳೆಯ ಕೆಲಸಗಾರ್ತಿಯ ನಾಟಕ. “ಊರಿಗೆಲ್ಲ ಬಣ್ಣ ಹೊಂದಿಸಿಕೊಟ್ಟೆ, ಮಗಳ ಮನೆಗೆ ಮಾತ್ರ ಗೋದಾಮಿನಲ್ಲಿ ಉಳಿದಿದ್ದನ್ನ ತಂದು ಸುರಿದೆಯಾ? ಇದನ್ನೆಲ್ಲ ಕಿತ್ತು ಹಾಕಿಸ್ತೀನಿ. ಇನ್ಮೇಲೆ ಈ ಮನೆಗೆ ಒಂದು ಬಿಲ್ಲೇನೂ ನೀನು ಆರಿಸ್ಬೇಡ.”

ಅಮ್ಮ ಅಲ್ಲೇ ಕೂತು ತುಂಬ ಹೊತ್ತು ಆ ಕಡೆ ಈ ಕಡೆ ನೋಡಿದಳು. ಎದ್ದವಳು ಕಟ್ಟೆ ಹಿಡಿದುಕೊಂಡು, “ಕಿತ್ತು ಹಾಕ್ಸು. ಈ ಸಲ ಗೋದಾಮಿನ ಮಾಮನ್ನ ಕೇಳಿ ತಗೋ,” ಎಂದು ಹೊರಟುಹೋದಳು.

*

ಯಜಮಾನರು ಬಂದಾಗ ಹತ್ತೂಕಾಲು. ಜೊತೆಯಲ್ಲಿ ಈ ನೆಲ ಹಾಕಿದ ಮೇಸ್ತ್ರಿ. ಯಜಮಾನರು ಅಮ್ಮನ ಕಾಲ ಬಳಿ ಹೂವಿಟ್ಟು ಬಹಳ ಹೊತ್ತು ನಿಂತರು. ತಂದೆಯ ಕಾಲದಲ್ಲಿ ಅಂಗಡಿ ಒಂದು ಶೆಡ್ಡಾಗಿದ್ದಾಗ ಸೇರಿದವಳು ಅಕ್ಕ, ನನಗೆ ಟೈಲ್ಸ್ ನೋಡಲು ಕಲಿಸಿದವಳು ಅವಳೇ ಎಂದು ಹತ್ತಿರ ಇದ್ದವರಿಗೆ ಹೇಳಿದರು. ಮಗಳ ಕಡೆಗೆ ತಿರುಗಿದರು.

“ಅಕ್ಕ ಕೊನೇದಾಗಿ ಆರಿಸಿದ್ದು ನಿಮ್ಮ ಅಡುಗೆಮನೆ ಅಲ್ವೇನಮ್ಮ? ಅದರದ್ದೊಂದು ಫೋಟೋ ತೆಗೀಬೇಕು ಅಂತ. ದೊಡ್ಡದು ಮಾಡಿಸಿ, ಕೆಳಗೆ ಅವರ ಹೆಸರು ಬರೆಸಿ, ಅಂಗಡಿ ಬಾಗಿಲಲ್ಲೇ ಹಾಕೋಣ.”

“ಇವತ್ತು ಬೇಡ ಸರ್. ಒಳಗೆ ಕಾಲಿಡಕ್ಕಾಗಲ್ಲ.”

“ಬಾಗಿಲಲ್ಲೇ ನಿಂತು ತೆಗೀತೀನಿ.”

“ಇನ್ನೂ ಕೆಲಸ ಮುಗಿದಿಲ್ಲ ಸರ್.”

“ಮುಗಿದಿದ್ಯಲ್ಲಮ್ಮ!” ಮೇಸ್ತ್ರಿ ನಡುವೆ ಬಾಯಿ ಹಾಕಿದ. ಅತ್ತು ಕೆಂಪಾದ ಅವನ ಕಣ್ಣು ಅರಳಿತು. “ನೆಲದ್ದೇನೂ ಬಾಕಿ ಇಲ್ಲ. ಯಜಮಾನ್ರೇ, ನೀವು ನೋಡ್ಲೇಬೇಕು. ಎರಡು ಶೇಡು! ಆಚೆ ಬೆಳಕಲ್ಲಿ ನಾಲ್ಕನೇ ಪೆಟ್ಟಿಗೆ ಒಡೆದಾಗ ನಾನೇ ಬೆಚ್ಚಿಬಿದ್ದೆ. ಆಮೇಲೆ ಅಂದ್ಕೊಂಡೆ, ಕಳಿಸಿರೋರು ಬಣ್ಣದಕ್ಕ, ಅವರು ತಪ್ತಾರಾ? ಏನೋ ಲೆಕ್ಕಾಚಾರ ಇರುತ್ತೆ ಅಂತ. ಎರಡನ್ನೂ ಬೇರೆ ಬೇರೆ ಮಾಡಿ, ಕೆಂಪಗಿರೋದನ್ನ ಒಲೆ ಕಡೆ...”

ಮಾತು ಮುಗಿಯುವ ಮೊದಲೇ ಯಜಮಾನರು ನಡೆದಾಗಿತ್ತು. ಮಗಳು ಹಿಂದೆ ಓಡಿದಳು. ಕುರ್ಚಿ ಕಿರುಗುಟ್ಟಿ ಸರಿಯಿತು, ಚಿಲಕವಿಲ್ಲದ ಬಾಗಿಲು ತೆರೆದುಕೊಂಡಿತು. ಯಜಮಾನರು ಮೊದಲ ಹೊದಿಕೆಯನ್ನು ಕಾಲಿಂದ ಅತ್ತ ತಳ್ಳಿ, ಎರಡನೆಯದನ್ನು ಬಗ್ಗಿ ಎಳೆದರು.

ಹತ್ತು ಗಂಟೆಯ ಬಿಸಿಲು ಕಿಟಕಿಯಿಂದ ನೇರ ನೆಲದ ಮೇಲೆ ಬಿದ್ದಿತ್ತು. ಗೀಟು ಕಟ್ಟೆಯಷ್ಟು ಉದ್ದಕ್ಕೂ ಸ್ಪಷ್ಟವಾಗಿತ್ತು.

ಯಜಮಾನರು ಮುಂದೆ ಹೋಗಿ ಕೂತು, ಒಂದು ಬೆರಳು ಈ ಕಡೆಯ ಬಿಲ್ಲೆಯ ಮೇಲೆ, ಒಂದು ಬೆರಳು ಆ ಕಡೆಯದರ ಮೇಲೆ ಇಟ್ಟರು. ಅಮ್ಮನಿಂದಲೇ ಕಲಿತದ್ದು.

“ಇದು ಹದಿನೇಳು,” ಎಂದರು. “ಇದು ಇಪ್ಪತ್ತೊಂದು. ಒಂದೇ ಮನೆಗೆ.” ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಅಲ್ಲಿ ಗೋದಾಮಿನ ಮಾಮ ನಿಂತಿದ್ದ. “ಇದನ್ನ ಎತ್ತಿದ ದಿನ ನೀನು ರಜದಲ್ಲಿದ್ದೆ ಅಲ್ವಾ?”

“ಹೌದು ಸರ್.”

“ಅಕ್ಕ ಒಬ್ಬರೇ ಎತ್ತಿಸಿದ್ರು.”

“ಸರ್...”

“ಅಕ್ಕ ಇದನ್ನ ನೋಡಿ, ಇದನ್ನೂ ನೋಡಿ, ಒಂದೇ ಗಾಡಿಗೆ ಹಾಕ್ಸಿದ್ರು. ಹೇಗೆ?”

ಮಾಮನ ಬಾಯಿ ತೆರೆಯಿತು. ಚಿಕ್ಕಮ್ಮ, ಇಬ್ಬರು ಸೇಲ್ಸಿನವರು, ಪಕ್ಕದ ಮನೆಯವರು ಬಾಗಿಲಲ್ಲಿ ಇಣುಕುತ್ತಿದ್ದರು. ಗಂಡ ಹೆಂಡತಿಯ ಮುಖ ನೋಡಿದ, ಆಮೇಲೆ ಮೊದಲ ಸಲ ನೆಲ ನೋಡಿದ.

“ನಾನು ಕೇಳಿದ್ದು,” ಎಂದಳು ಮಗಳು.

ದನಿ ಅವಳಿಗೇ ಬೇರೆ ಯಾರದೋ ಎನಿಸಿತು. “ನಾನೇ ಸರ್. ಎರಡು ಶೇಡು ಬೇಕು ಅಂತ ಹಟ ಮಾಡಿದ್ದು ನಾನು. ಒಲೆ ಕಡೆ ಬಣ್ಣ ಹೆಚ್ಚಿದ್ರೆ ಮಸಿ, ಎಣ್ಣೆ ಕಲೆ ಕಾಣಲ್ಲ ಅಂತ.”

“ಅದು ನಾನು...” ಎಂದು ಶುರುಮಾಡಿದ ಮೇಸ್ತ್ರಿ. ಮಗಳು ಅವನನ್ನು ನೋಡಿದಳು. ಅವನು ಬಾಯಿ ಮುಚ್ಚಿದ. ಅವನ ಮುಖದಿಂದ ಆ ಹೆಮ್ಮೆ ಮೆಲ್ಲಗೆ ಇಳಿದುಹೋಗುವುದು ಕಾಣಿಸಿತು.

ಯಜಮಾನರು ಮೇಲೇಳಲಿಲ್ಲ. “ಅಕ್ಕ ಒಪ್ಪಿದ್ರಾ?”

“ಇಲ್ಲ. ಬೇಡ ಅಂದ್ರು. ಒಂದೇ ನೆಲ, ಒಂದೇ ಬಣ್ಣ ಇರ್ಬೇಕು ಅಂದ್ರು. ನಾನು ಕೇಳ್ಲಿಲ್ಲ.” ಇನ್ನು ಮುಂದಿನದಕ್ಕೆ ಅವಳು ಏನನ್ನೂ ಹುಡುಕಬೇಕಾಗಲಿಲ್ಲ. “ಮೊನ್ನೆ ಇಲ್ಲೇ ನಿಂತು ಜಗಳ ಆಡ್ದೆ. ಬಾಯಿಗೆ ಬಂದಿದ್ದೆಲ್ಲ ಅಂದೆ. ಇನ್ಮೇಲೆ ಈ ಮನೆಗೆ ಒಂದು ಬಿಲ್ಲೇನೂ ಆರಿಸ್ಬೇಡ ಅಂದೆ. ಆಮೇಲೆ ಅಮ್ಮ ಈ ಮನೆಗೆ ಬಂದಿದ್ದು ಇವತ್ತೇ.”

ಯಜಮಾನರು ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡು, ಮಂಡಿ ಹಿಡಿದು ಎದ್ದರು. ಅವರು ನಂಬಿದರೋ ಇಲ್ಲವೋ ಮುಖದಲ್ಲಿ ಇರಲಿಲ್ಲ. ಮಾಮನನ್ನು ಒಮ್ಮೆ ನೋಡಿದರು, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ.

“ಅವರ ಆಯ್ಕೆ ಅಲ್ಲ ಅಂದ್ಮೇಲೆ ಫೋಟೋ ಬೇಡ,” ಎಂದರು. “ಅಂಥವರ ಮಾತು ಕೇಳಬೇಕಿತ್ತಮ್ಮ ನೀವು.”

“ಹೌದು ಸರ್.”

“ನೋಡಿದ್ರಾ!” ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. “ಊರಲ್ಲಿರೋರೆಲ್ಲ ನನ್ನ ಅಕ್ಕನ್ನ ಕೇಳ್ಕೊಂಡು ಬರ್ತಿದ್ರು. ಇವಳಿಗೆ ಮಾತ್ರ ಹೆತ್ತ ತಾಯಿ ಮಾತು ಕಸ! ಇದಕ್ಕೇ ಬೆಳಿಗ್ಗೆಯಿಂದ ಬಾಗಿಲು ಕಾಯ್ತಿದ್ಯಾ, ಮುಖ ತೋರ್ಸಕ್ಕಾಗ್ದೆ?”

“ಹೌದು ಚಿಕ್ಕಮ್ಮ.”

ಬಾಗಿಲಲ್ಲಿದ್ದವರು ಅವಳಿಗೆ ದಾರಿ ಬಿಟ್ಟರು, ಆದರೆ ಯಾರೂ ಅವಳ ಭುಜ ಮುಟ್ಟಲಿಲ್ಲ. ಅವಳು ಹೋಗಿ ಅಮ್ಮನ ತಲೆಯ ಬಳಿ ಕುಳಿತಳು. ಬೆನ್ನ ಹಿಂದೆ ಚಿಕ್ಕಮ್ಮನ ದನಿ ಹೊಸದಾಗಿ ಬಂದವರಿಗೆಲ್ಲ ಅದನ್ನೇ ಮತ್ತೆ ಮೊದಲಿಂದ ಹೇಳುತ್ತಿತ್ತು. ಅಷ್ಟರಲ್ಲಿ ಗಾಡಿ ಬಂತು. ಎತ್ತುವಾಗ ಮಾಮ ಸೊಂಟದ ನೋವು ಮರೆತು ಭುಜ ಕೊಡಲು ಬಂದ; ಯಜಮಾನರು ಅವನನ್ನು ಪಕ್ಕಕ್ಕೆ ಸರಿಸಿ, ತಾವೇ ಆ ಜಾಗಕ್ಕೆ ನಿಂತರು.

*

ಎಲ್ಲ ಮುಗಿಸಿ ಮನೆಗೆ ಬಂದಾಗ ನಾಲ್ಕು ಗಂಟೆ. ಬೆಳಿಗ್ಗೆ ಬಾಗಿಲು ತೆರೆದ ಮೇಲೆ ಅಡುಗೆಮನೆಗೆ ತಡೆಯೇ ಇರಲಿಲ್ಲ. ನಲ್ಲಿಯ ನೀರಿಗೆ, ಹಿತ್ತಲಿಗೆ, ನೋಡಲಿಕ್ಕೆ ಎಂದು ಜನ ಓಡಾಡಿದ್ದರು. ಎರಡೂ ಬಣ್ಣದ ಮೇಲೆ ಚಪ್ಪಲಿಯ ಧೂಳು, ಕಾಫಿಯ ಹನಿ, ಉದುರಿದ ಹೂವಿನ ಎಸಳು.

“ನಾಳೆ ಯಾರಿಗಾದ್ರೂ ಹೇಳಿ ಕ್ಲೀನ್ ಮಾಡ್ಸೋಣ, ಮಲ್ಕೋ ಹೋಗು,” ಎಂದ ಗಂಡ. ಸ್ವಲ್ಪ ತಡೆದು ಕೇಳಿದ, “ನೀನು ಎರಡು ಬಣ್ಣ ಕೇಳಿರ್ಲಿಲ್ಲ, ಅಲ್ವಾ?”

ಅವಳು ಬಕೆಟ್ಟಿಗೆ ನೀರು ಬಿಟ್ಟಳು. ಅವನು ಹೊದಿಕೆಗಳನ್ನು ಎತ್ತಿಕೊಂಡು ಹೊರಗೆ ಹೋದ.

ಕಿಟಕಿಯ ಕಡೆಯಿಂದ ಶುರುಮಾಡಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಒರೆಸಿದಳು. ಬಟ್ಟೆಯನ್ನು ಹಿಂಡದೆ, ನೀರು ನಿಲ್ಲುವ ಹಾಗೆಯೇ ಎಳೆದಳು. ಒಲೆಯ ಕಟ್ಟೆಗೆ ಬೆನ್ನು ತಾಗಿದಾಗ ತಲೆಯೆತ್ತಿ ನೋಡಿದಳು. ನೆಲ ಒಂದೇ ಬಣ್ಣವಾಗಿತ್ತು. ನೀರಿನ ತೆಳು ಪದರದ ಕೆಳಗೆ ಎರಡೂ ಕಪ್ಪಾಗಿ, ಕಿಟಕಿಯಿಂದ ಕಟ್ಟೆಯವರೆಗೆ ಒಂದೇ ಗೋಧಿ, ಒಂದೇ ಕಾವಿನಲ್ಲಿ ಬೆಂದಂತೆ. ಎಲ್ಲಿಂದ ಎಲ್ಲಿಗೆ ಎಂದು ಕೇಳಿದರೆ ಅವಳೂ ಹೇಳಲಾರಳು.

ಬಿಸಿಲು ಇಳಿದಿತ್ತು, ಗಾಳಿ ಇತ್ತು. ಕಿಟಕಿಯ ಬಳಿ ನೀರು ಮೊದಲು ಆರಿತು. ಪಕ್ಕದ ಗೋಡೆಯ ಬುಡದಲ್ಲಿ ಒಂದು ಗೇಣು ಗೀಟು ಎದ್ದಿತು. ಆಮೇಲೆ ಒಂದು ಬಿಲ್ಲೆ, ಇನ್ನೊಂದು. ಅದು ಅವಸರವಿಲ್ಲದೆ ನೆಲದ ನಡುವೆ ನೆಟ್ಟಗೆ ಬರುತ್ತಿತ್ತು. ಒದ್ದೆ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಟ್ಟೆಗೆ ಒರಗಿ ಅವಳು ಕಾಲು ಚಾಚಿ ಕುಳಿತಿದ್ದಳು. ಗೀಟು ಅವಳ ಹಿಮ್ಮಡಿಯವರೆಗೆ ಬಂತು. ಅವಳು ಕಾಲು ತೆಗೆಯಲಿಲ್ಲ.